ಮೊದಲು ಗಡಿಯಾರವನ್ನು ಕೇಳಿ

ಕಂಪ್ಯೂಟರನ್ನು ಶಟ್‌ಡೌನ್ ಮಾಡಿ. ಗೋಡೆಯ ಸ್ವಿಚ್ಚನ್ನೂ ಆರಿಸಿ. ಸಾಲದೆಂದರೆ ಪ್ಲಗ್ಗನ್ನೇ ಕಿತ್ತಿಡಿ. ಫ್ಯಾನು ನಿಂತಿತು, ದೀಪ ಆರಿತು, ಪರದೆ ಕಪ್ಪಾಯಿತು. ಇನ್ನು ಆ ಡಬ್ಬದೊಳಗೆ ಏನೂ ನಡೆಯುತ್ತಿಲ್ಲ ಅಂತ ತಾನೇ ನಾವೆಲ್ಲ ಅಂದುಕೊಂಡಿರುವುದು?

ನಡೆಯುತ್ತಿದೆ! ಮದರ್‌ಬೋರ್ಡಿನ ಒಂದು ಬದಿಯಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಲೋಹದ ಕವಚ. ಅದರೊಳಗೆ ಶ್ರುತಿಕವೆಯ ಆಕಾರಕ್ಕೆ ಕೊರೆದ ಬೆಣಚುಹರಳು. ಕರೆಂಟಿಲ್ಲದ, ಪ್ಲಗ್ಗಿಲ್ಲದ, ಮನೆಯವರೆಲ್ಲ ಮಲಗಿದ ಹೊತ್ತಿನಲ್ಲೂ ಆ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತಲೇ ಇರುತ್ತದೆ. ಹಬ್ಬಕ್ಕೆಂದು ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೂ ಅದಕ್ಕೆ ಬಿಡುವಿಲ್ಲ. ಅದರ ನಡುಕವನ್ನು ಎಣಿಸುತ್ತ ಒಂದು ಗಡಿಯಾರ. ಗಡಿಯಾರಕ್ಕೆ ಅಂಟಿಕೊಂಡಂತೆ ಒಂದಿಷ್ಟು ಬೈಟ್‌ಗಳ ಜ್ಞಾಪಕ. ಇಷ್ಟನ್ನೂ ಸಾಕುತ್ತಿರುವುದು ಮೂರು ಗ್ರಾಂ ತೂಕದ ಒಂದು ಬಟನ್ ಸೆಲ್ಲು.

ಇದನ್ನು ಓದಿ ತಿಳಿಯುವುದು ಒಂದು ಬಗೆ. ಒಂದು ಕಂಪ್ಯೂಟರ್ ದಿನಾ ಬೆಳಗ್ಗೆ ಎಲ್ಲವನ್ನೂ ಮರೆತು ಏಳುತ್ತಿದೆ ಅಂದಾಗ, ಮುಚ್ಚಳ ಬಿಚ್ಚಿ ಆ ಮರೆವಿನ ಜಾಡು ಹಿಡಿದು ಹೋಗುವುದೇ ಇನ್ನೊಂದು ಬಗೆ. ಆ ದಾರಿಯಲ್ಲಿ ನಾನು ಕಂಡದ್ದನ್ನು ಹೇಳದಿದ್ದರೆ ಹೊಟ್ಟೆ ಉಬ್ಬಿ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗಳು ತಾನೇ ಕೂತು ಒಂದು ಕಂಪ್ಯೂಟರ್ ಅಸೆಂಬಲ್ ಮಾಡಿಕೊಂಡಿದ್ದಳು. ಬೆಂಗಳೂರಿನ ಎಸ್‌.ಪಿ. ರೋಡ್ ಅಲೆದು ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ ಎಲ್ಲ ಹೊಸದು ತಂದಿದ್ದಳು. ದುಡ್ಡು ಸಾಲದೆ ಮದರ್‌ಬೋರ್ಡು ಮಾತ್ರ ಸೆಕೆಂಡ್ ಹ್ಯಾಂಡ್. ಮೊದಲ ವಾರವೆಲ್ಲ ಫೋಟೊ ಕಳಿಸಿದ್ದೇ ಕಳಿಸಿದ್ದು. ಆಮೇಲೆ ಒಂದು ದಿನ ಫೋನು.

"ಮಾಮ, ಇದಕ್ಕೆ ಮರೆವಿನ ಕಾಯಿಲೆ ಬಂದಿದೆ. ರಾತ್ರಿ ಬಯಾಸ್‌ನಲ್ಲಿ ಏನೇ ಸೆಟ್ ಮಾಡಿ ಸೇವ್ ಮಾಡಿದ್ರೂ ಬೆಳಗ್ಗೆ ಎಲ್ಲ ಹೋಗಿರತ್ತೆ. ಎಫ್1 ಒತ್ತು ಅಂತ ಕೇಳತ್ತೆ."

"ಸೆಲ್ ಹೋಗಿರ್ಬೇಕು ಕಣೇ, ಬದಲಾಯಿಸು."

"ಬದಲಾಯಿಸಿದ್ದಾಯ್ತು ಮಾಮ, ಎರಡು ಸಲ! ಅಂಗಡಿಗೇ ತಗೊಂಡ್ಹೋಗಿದ್ದೆ. ಅಲ್ಲಿ ರೀಸ್ಟಾರ್ಟ್ ಮಾಡಿ ಮಾಡಿ ತೋರಿಸಿದ್ರು, ಸರಿಯಾಗೇ ಇತ್ತು. ಮನೆಗೆ ಬಂದ್ರೆ ಮತ್ತೆ ಅದೇ ಕಥೆ."

ಬಯಾಸ್ ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ತಂತ್ರಾಂಶ. 3200ರ ವೇಗಕ್ಕೆಂದು ಕೊಂಡ ರ‍್ಯಾಮು ದಿನಾ 2133ಕ್ಕೆ ಇಳಿದು ಕೂರುತ್ತಿತ್ತು. ತಾರೀಖು ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಓಡುತ್ತಿತ್ತು. ಬ್ಯಾಂಕಿನ ಪುಟ ತೆರೆದರೆ ಬ್ರೌಸರು ಸುರಕ್ಷಿತವಲ್ಲ ಅಂತ ಕೆಂಪು ಪರದೆ ಹಿಡಿಯುತ್ತಿತ್ತು. ಅದೂ ಸಹಜವೇ. ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರು ತಾನಿನ್ನೂ ಹಿಂದಿನ ಯಾವುದೋ ವರ್ಷದಲ್ಲಿದ್ದೇನೆ ಅಂದುಕೊಂಡರೆ, ಅದರ ಲೆಕ್ಕದಲ್ಲಿ ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ!

ಅಂಗಡಿಯಲ್ಲಿ ನೆನಪಿರುತ್ತದೆ, ಮನೆಯಲ್ಲಿ ಮರೆಯುತ್ತದೆ. ಈ ಒಂದು ಮಾತು ನನ್ನ ತಲೆಯಲ್ಲಿ ಗುಂಗಿಹುಳ ಬಿಟ್ಟಿತು.

ಈ ನೆನಪು ಅನ್ನುವುದಾದರೂ ಎಲ್ಲಿ ಕೂತಿದೆ? ಹುಡುಕುತ್ತ ಹೋದರೆ 1984ಕ್ಕೆ ಹೋಗಿ ನಿಲ್ಲುತ್ತೇವೆ. ಅದಕ್ಕೂ ಮುಂಚೆ, 1981ರ ಮೊದಲ ಐಬಿಎಂ ಪಿಸಿಗೆ ಇಂಥ ನೆನಪೇ ಇರಲಿಲ್ಲ. ಬೋರ್ಡಿನ ಮೇಲೆ ಪುಟ್ಟಪುಟ್ಟ ಸ್ವಿಚ್ಚುಗಳ ಸಾಲು. ಎಷ್ಟು ಫ್ಲಾಪಿ ಇದೆ, ಯಾವ ಬಗೆಯ ಪರದೆ ಅನ್ನುವುದನ್ನು ಬೆರಳಿನಲ್ಲೇ ಮೇಲೆ ಕೆಳಗೆ ಮಾಡಿ ಹೇಳಬೇಕಿತ್ತು. ತಾರೀಖನ್ನಂತೂ ಪ್ರತಿ ಸಲ ಹೊತ್ತಿಸಿದಾಗಲೂ ಮನುಷ್ಯರೇ ಟೈಪ್ ಮಾಡಬೇಕು. 1984ರಲ್ಲಿ ಬಂದ ಪಿಸಿ ಎಟಿ ಮಾದರಿಯಲ್ಲಿ ಐಬಿಎಂ ಒಂದು ಹೊಸ ಚಿಪ್ ಕೂರಿಸಿತು. ಮೊಟೊರೊಲ ಕಂಪನಿಯ ಎಂಸಿ146818. ಒಳಗೆ ಒಂದು ಗಡಿಯಾರ, ಜೊತೆಗೆ ಜ್ಞಾಪಕ. ಎಷ್ಟು ಜ್ಞಾಪಕ ಅನ್ನುತ್ತೀರಿ? ಒಟ್ಟು 64 ಬೈಟ್! ಅದರಲ್ಲೂ 14 ಬೈಟು ಗಡಿಯಾರದ ಸ್ವಂತಕ್ಕೆ. ಉಳಿದ ಐವತ್ತರಲ್ಲಿ ಇಡೀ ಯಂತ್ರದ ಜಾತಕ. ಕನ್ನಡದ ಒಂದೊಂದು ಅಕ್ಷರಭಾಗಕ್ಕೂ ಯೂನಿಕೋಡಿನ ಯುಟಿಎಫ್-8ರಲ್ಲಿ ಮೂರು ಬೈಟು ಬೇಕು. ಹಾಗೆ ನೋಡಿದರೆ ಆ ಜಾಗದಲ್ಲಿ ನಮ್ಮ ಎರಡು ಮೂರು ಪದ ಬರೆದರೆ ಮುಗಿಯಿತು.

ಅಷ್ಟು ಇಕ್ಕಟ್ಟಿನಲ್ಲೂ ಅವರು ಮಾಡಿದ ಜಾಣತನ ನೋಡಿ. 30 ಬೈಟುಗಳನ್ನು ಕೂಡಿ, ಬಂದ ಮೊತ್ತವನ್ನು ಪಕ್ಕದ ಎರಡು ಬೈಟಿನಲ್ಲಿ ಬರೆದಿಟ್ಟರು. ಬೆಳಗ್ಗೆ ಎದ್ದ ಕೂಡಲೇ ಯಂತ್ರ ಮತ್ತೆ ಕೂಡಿ ನೋಡುತ್ತದೆ. ಮೊತ್ತ ತಾಳೆಯಾಗದಿದ್ದರೆ ರಾತ್ರಿ ಏನೋ ಕೆಟ್ಟಿದೆ ಅಂತ ಅರ್ಥ. ನಮ್ಮ ಹುಡುಗಿಯ ಪರದೆಯ ಮೇಲೆ ದಿನಾ ಮೂಡುತ್ತಿದ್ದ 'ಸಿಮಾಸ್ ಚೆಕ್‌ಸಮ್ ಎರರ್' ಅನ್ನುವ ದೂರು ಇದೇ. ಸಿಮಾಸ್ ಅಂದರೆ ಈ ಜ್ಞಾಪಕ, ಚೆಕ್‌ಸಮ್ ಅಂದರೆ ಆ ಮೊತ್ತ. ಇಷ್ಟೇ ಅಲ್ಲ, ಆ ಮೊಟೊರೊಲ ಚಿಪ್ಪಿನ ಒಂದು ರೆಜಿಸ್ಟರಿನಲ್ಲಿ ಒಂದೇ ಒಂದು ಬಿಟ್, 'ನನಗೆ ವಿದ್ಯುತ್ ತಪ್ಪಿತ್ತು, ನನ್ನ ಮಾತು ನಂಬಬೇಡಿ' ಎಂದು ತಾನೇ ಒಪ್ಪಿಕೊಳ್ಳುವುದಕ್ಕೆಂದು ಮೀಸಲು. ತನ್ನ ನೆನಪು ನಂಬಲರ್ಹವಲ್ಲ ಎಂದು ತಾನಾಗಿ ಹೇಳುವ ಪ್ರಾಮಾಣಿಕತೆ ಎಷ್ಟು ಮನುಷ್ಯರಲ್ಲಿದೆ!

ಇನ್ನೊಂದು ಬೈಟಿನ ಕಥೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಟಿಯಲ್ಲಿದ್ದ 80286 ಪ್ರೊಸೆಸರಿಗೆ ಒಂದು ಊನವಿತ್ತು. 'ಪ್ರೊಟೆಕ್ಟೆಡ್ ಮೋಡ್' ಎಂಬ ಹೊಸ ಕೋಣೆಗೆ ಹೋಗುವುದು ಅದಕ್ಕೆ ಗೊತ್ತು. ವಾಪಸ್ ಬರುವ ಬಾಗಿಲಿಲ್ಲ. ಹಾಗಾದರೆ ಹಿಂದಿರುಗುವುದು ಹೇಗೆ? ಪ್ರೊಸೆಸರನ್ನೇ ರೀಸೆಟ್ ಮಾಡುವುದು, ಅಂದರೆ ಒಂದು ಕ್ಷಣ ಸಾಯಿಸಿ ಎಬ್ಬಿಸುವುದು! ಎದ್ದ ಮೇಲೆ ತಾನು ಯಾಕೆ ಸತ್ತೆ ಅನ್ನುವುದು ಅದಕ್ಕೆ ನೆನಪಿರಬೇಕಲ್ಲ? ಸಾಯುವ ಮೊದಲು ಈ ಬ್ಯಾಟರಿ ಜ್ಞಾಪಕದ ಒಂದು ಬೈಟಿನಲ್ಲಿ ಕಾರಣ ಬರೆದಿಡುತ್ತಿದ್ದರು. ಎದ್ದ ಬಯಾಸ್ ಮೊದಲು ಆ ಚೀಟಿ ಓದಿ, 'ಓ, ಇದು ನಿಜವಾದ ಬೆಳಗಲ್ಲ' ಅಂತ ತಿಳಿದು, ಕೆಲಸವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿತ್ತು. ಪುನರ್ಜನ್ಮಕ್ಕೆ ಪೂರ್ವಜನ್ಮದ ಚೀಟಿ. ಇದನ್ನು ಯೋಚಿಸಿದ ಪುಣ್ಯಾತ್ಮರಿಗೆ ನಮಸ್ಕಾರ.

ಇದೆಲ್ಲ ಹಳೆಯ ಕಥೆ, ಈಗೇನು ಅನ್ನಬೇಡಿ. ಇವತ್ತಿಗೂ ಚಿಪ್‌ಸೆಟ್ಟಿನ ಹೊಟ್ಟೆಯೊಳಗೆ ಅದೇ ಮಾದರಿಯ ಗಡಿಯಾರ ಕೂತಿದೆ. ಅದನ್ನು ಮಾತಾಡಿಸುವ ದ್ವಾರಗಳೂ ಅವೇ, ಹೆಕ್ಸ್ ಲೆಕ್ಕದ 70 ಮತ್ತು 71. ವರ್ಷಕ್ಕೆ ಇವತ್ತಿಗೂ ಎರಡೇ ಅಂಕಿ. ಶತಮಾನವನ್ನು ಬೇರೆ ಬೈಟಿನಲ್ಲಿ ಬರೆದುಕೊಳ್ಳುತ್ತದೆ. ಲಕ್ಷ ರೂಪಾಯಿಯ ಗೇಮಿಂಗ್ ಯಂತ್ರ ಬೆಳಗ್ಗೆ ಎದ್ದು 1984ರ ಬಾಗಿಲು ತಟ್ಟಿಯೇ ಹೊತ್ತು ಎಷ್ಟಾಯಿತು ಅಂತ ತಿಳಿಯುತ್ತದೆ.

ಇನ್ನು ಆ ಹರಳು. ಒತ್ತಿದರೆ ವಿದ್ಯುತ್ ಹೊಮ್ಮಿಸುವ ಹರಳುಗಳ ಗುಣವನ್ನು ಪಿಯೆರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲೇ ಕಂಡಿದ್ದರು. ತಿರುಗಿಸಿ ನೋಡಿದರೆ, ವಿದ್ಯುತ್ ಕೊಟ್ಟರೆ ಹರಳು ನಡುಗುತ್ತದೆ. ಆದರೆ 32,768 ಅನ್ನುವ ವಿಚಿತ್ರ ಅಂಕಿ ಯಾಕೆ? ಅರ್ಧ ಮಾಡುತ್ತ ಹೋಗಿ: 16,384, 8,192, 4,096... ಹದಿನೈದನೆಯ ಸಲಕ್ಕೆ ಸರಿಯಾಗಿ ಒಂದು! ಎರಡರಿಂದ ಭಾಗಿಸುವುದು ಎಲೆಕ್ಟ್ರಾನಿಕ್ಸಿಗೆ ಅತಿ ಸುಲಭದ ಕೆಲಸ. ಹದಿನೈದು ಮೆಟ್ಟಿಲು ಇಳಿದರೆ ಸೆಕೆಂಡು ಕೈಗೆ ಬಂತು. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20,000ದವರೆಗೆ, ಹಾಗಾಗಿ ಈ ಕಂಪನ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚು ಕಡಿಮೆಯಾದರೂ ದಿನಕ್ಕೆ ಎರಡು ಸೆಕೆಂಡೂ ತಪ್ಪುವುದಿಲ್ಲ. ನಿಮ್ಮ ಕೈಯಲ್ಲಿರುವ ಕ್ವಾರ್ಟ್ಜ್ ವಾಚಿನೊಳಗೂ ಇದೇ ಹರಳು.

ಇವೆಲ್ಲವನ್ನೂ ಒಂದು ಬಟನ್ ಸೆಲ್ಲು ವರ್ಷಗಟ್ಟಲೆ ಸಾಕುವುದು ಹೇಗೆ? ಇಲ್ಲಿ ಫ್ರಾಂಕ್ ವಾನ್ಲಸ್ ಎಂಬ ಎಂಜಿನಿಯರನ್ನು ನೆನೆಯಬೇಕು. 1963ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿಯಲ್ಲಿದ್ದಾಗ ಅವರು ತೋರಿಸಿಕೊಟ್ಟ ಸಿಮಾಸ್ ಸರ್ಕ್ಯೂಟು, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವಾಗ ಮಾತ್ರ ವಿದ್ಯುತ್ ಕುಡಿಯುತ್ತದೆ. ಸುಮ್ಮನೆ ನೆನಪಿಟ್ಟುಕೊಂಡು ಕೂರುವುದಕ್ಕೆ ಅದಕ್ಕೆ ಹೆಚ್ಚುಕಡಿಮೆ ಏನೂ ಬೇಡ. ಸಿಆರ್2032 ಎಂಬ ನಮ್ಮ ಸೆಲ್ಲಿನ ಹೆಸರಲ್ಲೇ ಅದರ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಒಳಗಿರುವ ಲಿಥಿಯಂ ಸುಮಾರು 0.1 ಗ್ರಾಂ. ಅದರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಗಡಿಯಾರದ ಬಳಗ ಎಳೆಯುವುದು ಐದಾರು ಮೈಕ್ರೊಆಂಪಿಯರು. ಐದು ಅಂತಲೇ ಇಟ್ಟುಕೊಂಡು ಭಾಗಿಸಿ. 44,000 ಗಂಟೆ. ಐದು ವರ್ಷ! ಕ್ಯಾಬಿನೆಟ್ಟಿನ ಮುಂದಿನ ಪುಟ್ಟ ದೀಪ ಉರಿಯುವುದಕ್ಕೇ ಇದರ ಸಾವಿರ ಪಟ್ಟು ವಿದ್ಯುತ್ ಬೇಕು.

ಬ್ಯಾಟರಿಗಳೆಲ್ಲ ಹೀಗೆ ಸಾಧುವಾಗಿರಲಿಲ್ಲ ಬಿಡಿ. 386, 486ರ ಕಾಲದ ಬೋರ್ಡುಗಳಲ್ಲಿ ಪೀಪಾಯಿಯಂಥ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೆಸೆದಿರುತ್ತಿದ್ದರು. ವಯಸ್ಸಾದ ಮೇಲೆ ಸೋರಿ ಅಕ್ಕಪಕ್ಕದ ತಾಮ್ರವನ್ನೆಲ್ಲ ತಿಂದುಹಾಕುತ್ತಿತ್ತು. ಡಲ್ಲಾಸ್ ಕಂಪನಿಯವರು ಗಡಿಯಾರ, ಹರಳು, ಬ್ಯಾಟರಿ ಮೂರನ್ನೂ ಒಂದೇ ಕಪ್ಪು ಎಪಾಕ್ಸಿ ಇಟ್ಟಿಗೆಯೊಳಗೆ ಮುಚ್ಚಿಬಿಟ್ಟರು. ಹಳೆಯ ಕಂಪ್ಯೂಟರ್ ಕೂಡಿಡುವ ಹವ್ಯಾಸಿಗಳು ಈಗ ಆ ಇಟ್ಟಿಗೆಯನ್ನು ಉಜ್ಜಿ ಕೊರೆದು, ತಂತಿ ಎಳೆದು, ಹೊರಗಿನಿಂದ ಬಟನ್ ಸೆಲ್ಲು ಕಟ್ಟಿ ಬದುಕಿಸುತ್ತಾರೆ.

ಇಷ್ಟು ತಿಳಿದುಕೊಂಡು ಮೈಸೂರಿಗೆ ಹೋದೆ. ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಒಂದೇ ಪ್ರಶ್ನೆ, ಅಂಗಡಿಗೂ ಮನೆಗೂ ಏನು ವ್ಯತ್ಯಾಸ? ಉತ್ತರ ಅಕ್ಕನ ಕೈಯಲ್ಲಿತ್ತು! ರಾತ್ರಿ ಊಟ ಮುಗಿಸಿ ಮಲಗುವ ಮುಂಚೆ ಅಕ್ಕ ಮನೆಯೆಲ್ಲ ಸುತ್ತಿ ಟಿವಿ, ಚಾರ್ಜರ್, ಕಂಪ್ಯೂಟರ್ ಎಲ್ಲದರ ಗೋಡೆಯ ಸ್ವಿಚ್ಚನ್ನೂ ಪಟಪಟ ಆರಿಸಿಕೊಂಡು ಬಂದಳು. ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವ ಶಿಸ್ತು ಇದು. ಸಾಕೆಟ್ಟಿನ ಪಕ್ಕದಲ್ಲೇ ಸ್ವಿಚ್ ಇರುವ ನಾಡಿನವರು ನಾವು.

ಇದರ ಗುಟ್ಟು ಹೀಗಿದೆ. ಕಂಪ್ಯೂಟರ್ ಶಟ್‌ಡೌನ್ ಆದ ಮೇಲೂ ಗೋಡೆಯ ಸ್ವಿಚ್ ಹಾಕಿದ್ದರೆ ಎಸ್‌ಎಂಪಿಎಸ್ ಅನ್ನುವ ವಿದ್ಯುತ್ ಪೂರೈಸುವ ಡಬ್ಬ ಪೂರ್ತಿ ಮಲಗುವುದಿಲ್ಲ. 5 ವೋಲ್ಟಿನ ಸ್ಟ್ಯಾಂಡ್‌ಬೈ ಸಾಲೊಂದನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಆ ಸಾಲಿನಿಂದ ಇಳಿಸಿದ ವಿದ್ಯುತ್ತು ಒಂದು ಡಯೋಡಿನ ಮೂಲಕವೂ, ಸೆಲ್ಲಿನ ವಿದ್ಯುತ್ತು ಇನ್ನೊಂದು ಡಯೋಡಿನ ಮೂಲಕವೂ ಗಡಿಯಾರಕ್ಕೆ ಬಂದು ಸೇರುತ್ತವೆ. ಯಾರ ವೋಲ್ಟೇಜು ಹೆಚ್ಚೋ ಅವರೇ ಹೊರುತ್ತಾರೆ. ಗೋಡೆಯ ಕರೆಂಟಿದ್ದಾಗ ಸೆಲ್ಲಿಗೆ ರಜೆ. ಅದು ಹೋದ ಕ್ಷಣ ಯಾರ ಅಪ್ಪಣೆಗೂ ಕಾಯದೆ ಸೆಲ್ಲು ಹೆಗಲು ಕೊಡುತ್ತದೆ. ಎರಡು ಪುಟ್ಟ ಡಯೋಡುಗಳ ಆ ಹಸ್ತಾಂತರಕ್ಕೆ ಸಾಫ್ಟ್‌ವೇರ್ ಇಲ್ಲ, ಪ್ರೋಗ್ರಾಂ ಇಲ್ಲ!

ಈಗ ಅಂಗಡಿಯ ಒಗಟು ಬಿಡಿಸಿಕೊಂಡಿತು. ರೀಸ್ಟಾರ್ಟ್ ಮಾಡಿದರೆ ಸ್ಟ್ಯಾಂಡ್‌ಬೈ ಸಾಲು ಕಡಿಯುವುದೇ ಇಲ್ಲ. ಸೆಲ್ಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ನೆನಪು ಉಳಿಯುತ್ತದೆ. ಅಲ್ಲಿ ಪರೀಕ್ಷೆಯಾದದ್ದು ಸೆಲ್ಲಲ್ಲ, ಎಸ್‌ಎಂಪಿಎಸ್!

"ಅಕ್ಕಾ, ಇವತ್ತೊಂದು ರಾತ್ರಿ ಇದರ ಸ್ವಿಚ್ ಆರಿಸಬೇಡ" ಅಂದೆ. ಬೆಳಗ್ಗೆ ಹೊತ್ತಿಸಿದರೆ ತಾರೀಖು ಸರಿ, ರ‍್ಯಾಮು 3200, ಎಫ್1 ಇಲ್ಲ. ಶಟ್‌ಡೌನ್ ಮಾಡಿ ಸ್ವಿಚ್ ಆರಿಸಿ ಕಾಫಿ ಕುಡಿದು ಬಂದು ಹಾಕಿದರೆ ಮತ್ತೆ ಹಳೆಯ ಜನವರಿ. ಜಾಡು ಅರ್ಧಕ್ಕರ್ಧ ಸಿಕ್ಕಿಬಿಟ್ಟಿತ್ತು. ಸೆಲ್ಲಿನಿಂದ ಗಡಿಯಾರಕ್ಕೆ ಹೋಗುವ ದಾರಿಯಲ್ಲೇ ಎಲ್ಲೋ ಸೇತುವೆ ಮುರಿದಿದೆ.

ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಂಡು, ಹುಡುಗಿ ಸೆಲ್ಲನ್ನು ಹೊರತೆಗೆದಳು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಅಳೆದರೆ 3.1. ಸೆಲ್ಲು ಗಟ್ಟಿಮುಟ್ಟು. ಮತ್ತೆ ಹೋಲ್ಡರಿನಲ್ಲಿ ಕೂರಿಸಿದಳು. ಕಪ್ಪು ಕಡ್ಡಿ ಕ್ಯಾಬಿನೆಟ್ಟಿನ ಸ್ಕ್ರೂಗೆ, ಕೆಂಪು ಕಡ್ಡಿ ಸೆಲ್ಲಿನ ಬೆನ್ನಿಗೆ. ಮೀಟರಿನಲ್ಲಿ ಸೊನ್ನೆಯ ಆಸುಪಾಸಿನಲ್ಲಿ ತಡಕಾಡುವ ಅಂಕಿ. ಮೂರು ವೋಲ್ಟಿನ ಸೆಲ್ಲು ಎದುರಿಗೇ ಕೂತಿದೆ, ಬೋರ್ಡಿಗೆ ಅದು ಬಂದದ್ದೇ ಗೊತ್ತಿಲ್ಲ!

"ಮಾಮ, ಸ್ವಲ್ಪ ಒತ್ತಿ ನೋಡ್ಲಾ?" ಅಂದವಳೇ ಒಂದು ಬೆರಳ ತುದಿಯಿಂದ ಸೆಲ್ಲನ್ನು ಕೆಳಕ್ಕೆ ಅದುಮಿದಳು. ಅಂಕಿ ಚಂಗನೆ ನೆಗೆದು 3.08ಕ್ಕೆ ನಿಂತಿತು. ಬೆರಳು ತೆಗೆದಳು, ಸೊನ್ನೆ. ಅದುಮಿದಳು, 3.08. ಇಬ್ಬರೂ ಒಟ್ಟಿಗೇ ಕೂಗಿದೆವು. ಅಡುಗೆಮನೆಯಿಂದ ಅಕ್ಕ ಏನೋ ಸುಟ್ಟಿತು ಅಂತ ಓಡಿ ಬಂದಳು.

ಸೆಲ್ಲು ತೆಗೆದು ಟಾರ್ಚು ಬಿಟ್ಟು ನೋಡಿದರೆ ಹೋಲ್ಡರಿನ ತಳದಲ್ಲಿ ಒಂದು ತೆಳು ಲೋಹದ ನಾಲಿಗೆ. ಸೆಲ್ಲಿನ ಋಣಾತ್ಮಕ ಮುಖವನ್ನು ಕೆಳಗಿನಿಂದ ತಳ್ಳಿ ಹಿಡಿಯಬೇಕಾದದ್ದು ಅದು. ಈ ಬೋರ್ಡಿನ ಹಿಂದಿನ ಜನ್ಮದಲ್ಲಿ ಯಾರೋ ಸೆಲ್ಲನ್ನು ಒರಟಾಗಿ ತುರುಕಿದ್ದಿರಬೇಕು, ನಾಲಿಗೆ ಚಪ್ಪಟೆಯಾಗಿ ನೆಲಕ್ಕೆ ಅಂಟಿತ್ತು. ನಡುವೆ ಉಳಿದ ಅಂತರ ಕೂದಲೆಳೆಯಷ್ಟು ಇತ್ತೋ ಏನೋ. ಎಷ್ಟು ಹೊಸ ಸೆಲ್ಲು ಹಾಕಿದರೂ ಅಷ್ಟೆ. ಹುಡುಗಿ ಹಲ್ಲುಕಡ್ಡಿಯ ತುದಿಯಿಂದ ಆ ನಾಲಿಗೆಯನ್ನು ಮೆಲ್ಲಗೆ ಮೇಲೆಬ್ಬಿಸಿದಳು. ಸೆಲ್ಲು ಕೂರಿಸಿದಾಗ ಟಿಕ್ ಅಂತ ಹಿಡಿತ ಸಿಕ್ಕಿತು. 3.08, ಅಲುಗಾಟವಿಲ್ಲ. ಅಂದಿನಿಂದ ಅಕ್ಕ ದಿನಾ ಸ್ವಿಚ್ ಆರಿಸುತ್ತಾಳೆ, ಕಂಪ್ಯೂಟರು ಏನನ್ನೂ ಮರೆತಿಲ್ಲ.

ನನಗೆ ಇದರಲ್ಲಿ ಮೈ ಜುಮ್ಮೆನಿಸಿದ್ದು ರಿಪೇರಿಯಲ್ಲ. ಮರೆತ ಯಂತ್ರವೇ ತಾನು ಹೇಗೆ ಮರೆತೆ ಅನ್ನುವುದಕ್ಕೆ ಸಾಕ್ಷಿ ಹೇಳುತ್ತದೆ, ಆ ಸಾಕ್ಷಿ ಗಡಿಯಾರ! ಸೆಟ್ಟಿಂಗ್ ಹೋಯಿತು ಅಂತ ಗೋಳಾಡುವ ಮುಂಚೆ ಗಂಟೆ ಎಷ್ಟು ಅಂತ ನೋಡಿ. ಇಂಟರ್ನೆಟ್ಟು ಸಿಕ್ಕ ಮೇಲೆ ವಿಂಡೋಸ್ ತನ್ನ ಸಮಯ ತಿದ್ದಿಕೊಂಡುಬಿಡಬಹುದು, ಆದ್ದರಿಂದ ಬಯಾಸ್ ಪರದೆಯಲ್ಲೇ ನೋಡಬೇಕು. ಸೆಟ್ಟಿಂಗೂ ಹೋಗಿ ಗಡಿಯಾರವೂ ಹಿಂದಕ್ಕೆ ಓಡಿದ್ದರೆ ಬೆಳಕು ಬಿಡಬೇಕಾದದ್ದು ವಿದ್ಯುತ್ತಿನ ದಾರಿಯ ಮೇಲೆ. ಸೆಲ್ಲು, ಹೋಲ್ಡರು, ಇಲ್ಲವೇ ಸೆಟ್ಟಿಂಗ್ ಅಳಿಸಲೆಂದು ಇಟ್ಟ ಜಂಪರು. ಮೂರು ಪಿನ್ನಿನ ಆ ಜಂಪರನ್ನು ಅಳಿಸುವ ಬದಿಯಲ್ಲೇ ಯಾರಾದರೂ ಬಿಟ್ಟಿದ್ದರೆ ನೆನಪು ನಿಲ್ಲುವುದಾದರೂ ಹೇಗೆ? ಅಸೆಂಬಲ್ ಮಾಡುವಾಗ ಬೋರ್ಡಿನ ಕೆಳಗೆ ಬೇಡದ ಜಾಗದಲ್ಲಿ ಉಳಿದ ಹಿತ್ತಾಳೆಯ ಸ್ಟ್ಯಾಂಡಾಫು ಹಿಂಬದಿಯ ಬೆಸುಗೆಗೆ ತಾಗಿಯೂ ಹೀಗಾಗಬಹುದು. ಮಕ್ಕಳು ನುಂಗದಿರಲೆಂದು ಕೆಲವು ಸೆಲ್ಲುಗಳಿಗೆ ಕಹಿ ಲೇಪನ ಹಚ್ಚಿರುತ್ತಾರೆ. ಆ ಲೇಪನ ಬಿದ್ದ ಜಾಗವನ್ನು ಅವಲಂಬಿಸಿ ಕೆಲವು ಸೆಲ್ಲುಗಳು, ಕಳೆದ ವಸ್ತು ಹುಡುಕಲು ನೆರವಾಗುವ ತನ್ನ ಪುಟ್ಟ ಬಿಲ್ಲೆ ಏರ್‌ಟ್ಯಾಗಿನಲ್ಲಿ ಕೆಲಸ ಮಾಡದೆ ಹೋಗಬಹುದು ಅಂತ ಆ್ಯಪಲ್ ಕಂಪನಿಯೇ ಹೇಳಿದೆ. ಸಂಪರ್ಕ ಅನ್ನುವುದು ಅಷ್ಟು ನಾಜೂಕು.

ಗಡಿಯಾರ ಸೆಕೆಂಡಿಗೆ ಸೆಕೆಂಡು ಸರಿಯಿದ್ದು ಸೆಟ್ಟಿಂಗು ಮಾತ್ರ ಹೋಗಿದೆಯೋ? ಹಾಗಾದರೆ ಸೆಲ್ಲನ್ನು ಬಿಟ್ಟುಬಿಡಿ, ಅದರ ತಪ್ಪಲ್ಲ. ಇಂದಿನ ಬೋರ್ಡುಗಳು ಸೆಟ್ಟಿಂಗುಗಳನ್ನು ಬಹುಪಾಲು ಇಡುವುದು ಫ್ಲ್ಯಾಶ್ ಚಿಪ್ಪಿನಲ್ಲಿ; ಅದಕ್ಕೆ ಬ್ಯಾಟರಿಯೇ ಬೇಡ. ಮತ್ತೆ ಸೆಲ್ಲು ಹೋದಾಗ ಅವೂ ಯಾಕೆ ಹೋಗುತ್ತವೆ? ಎದ್ದ ಬೋರ್ಡು ಗಡಿಯಾರಕ್ಕೆ ವಿದ್ಯುತ್ ತಪ್ಪಿದ್ದನ್ನು ಕಂಡು, ಯಾರೋ ಬೇಕೆಂದೇ ಅಳಿಸಿದ್ದಾರೆ ಎಂದು ತಿಳಿದು, ಫ್ಲ್ಯಾಶಿನಲ್ಲಿ ಭದ್ರವಾಗಿರುವುದನ್ನೂ ಬದಿಗಿಟ್ಟು ಕಾರ್ಖಾನೆಯ ಸೆಟ್ಟಿಂಗಿಗೆ ಮರಳಬಹುದು. ಅದು ನೆನಪು ಕಳೆದುಕೊಂಡದ್ದಲ್ಲ, ವಿಧೇಯತೆ!

ಗಡಿಯಾರ ಸರಿಯಿದ್ದಾಗ ನನ್ನ ಮೊದಲ ಗುಮಾನಿ ರ‍್ಯಾಮಿನ ಮೇಲೆ. ಎಕ್ಸ್‌ಎಂಪಿ ಅನ್ನುವ ಸೆಟ್ಟಿಂಗ್ ಹಾಕಿ ಅದರ ವೇಗ ಹೆಚ್ಚಿಸಿದಿರಿ. ಬೋರ್ಡು ಆ ವೇಗದಲ್ಲಿ ಏಳಲು ನೋಡಿತು, ಎಡವಿತು, ಮತ್ತೆ ನೋಡಿತು, ಕೊನೆಗೆ ನಿಮ್ಮ ಕಂಪ್ಯೂಟರ್ ಬದುಕಲಿ ಅಂತ ಸುರಕ್ಷಿತ ವೇಗಕ್ಕೆ ಇಳಿಯಿತು. ನಾವು ಅದನ್ನು ಮರೆವು ಅಂತ ಬೈಯುತ್ತೇವೆ. ಎರಡು ಬಯಾಸ್ ಚಿಪ್ಪಿರುವ ಬೋರ್ಡುಗಳಲ್ಲಿ ಒಂದರಲ್ಲಿ ಬರೆದು ಇನ್ನೊಂದರಿಂದ ಎದ್ದರೂ ಹೀಗೇ ಕಾಣುತ್ತದೆ. ಫ್ಲ್ಯಾಶಿನಲ್ಲಿ ಬರೆಯುವ ತಂತ್ರಾಂಶವೇ ಮುಗ್ಗರಿಸುವುದೂ ಉಂಟು: 2013ರಲ್ಲಿ ಸ್ಯಾಮ್‌ಸಂಗ್‌ನ ಕೆಲವು ಲ್ಯಾಪ್‌ಟಾಪ್‌ಗಳು ಆ ಜಾಗ ಅತಿಯಾಗಿ ತುಂಬಿದ್ದಕ್ಕೇ ಏಳದಂತಾಗಿದ್ದವು.

ಇನ್ನೊಂದು ಚಂದದ ಸುಳಿವು ನಮ್ಮ ದೇಶದ ಸಮಯಕ್ಕೆ ಸೇರಿದ್ದು. ಗಡಿಯಾರ ಸರಿಯಾಗಿ 5 ಗಂಟೆ 30 ನಿಮಿಷ ಹಿಂದೆಯೋ ಮುಂದೆಯೋ ಇದ್ದರೆ ಏನೂ ಕೆಟ್ಟಿಲ್ಲ. ಒಂದೇ ಯಂತ್ರದಲ್ಲಿ ವಿಂಡೋಸೂ ಲಿನಕ್ಸೂ ಇವೆ ಅಷ್ಟೆ. ಬೋರ್ಡಿನ ಗಡಿಯಾರದಲ್ಲಿ ಇರುವುದು ಭಾರತದ ಸಮಯ ಅಂತ ವಿಂಡೋಸ್ ತಿಳಿಯುತ್ತದೆ, ಲಿನಕ್ಸ್ ಅದನ್ನು ವಿಶ್ವ ಸಮಯ ಅನ್ನುತ್ತದೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಲಿನಕ್ಸ್ ಪಂಡಿತರು ಇನ್ನೂ ಒಂದು ಹೆಜ್ಜೆ ಮುಂದೆ. ನಿದ್ದೆಗೆ ಜಾರುವಾಗ ಯಂತ್ರ ಯಾವ ಹಂತದಲ್ಲಿ ಸಿಕ್ಕಿಬಿತ್ತು ಅಂತ ಹಿಡಿಯಲು ಅವರದೊಂದು ಸಲಕರಣೆ ಇದೆ, ಅದು ಸುಳಿವನ್ನು ಬರೆದಿಡುವುದು ಈ ಗಡಿಯಾರದ ಸಮಯದ ಜಾಗದಲ್ಲಿ! ರೀಬೂಟ್ ಆದರೂ ಅಳಿಯದೆ ಉಳಿಯುವ ಜಾಗ ಎಲ್ಲ ಯಂತ್ರದಲ್ಲೂ ಇದೊಂದೇ ಅಂತ. ತಾರೀಖು ಕೆಟ್ಟರೆ ಕೆಡಲಿ, ಸುಳಿವು ಸಿಕ್ಕಿತಲ್ಲ.

ನೀವೂ ನಿಮ್ಮ ಡಬ್ಬ ಬಿಚ್ಚುವವರಿದ್ದರೆ ಕೆಲವು ಮಾತು. ಸೆಲ್ಲು ತೆಗೆಯುವ ಮುಂಚೆ ಬಯಾಸಿನ ಪರದೆಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ಹಿಡಿದಿಡಿ. ಡಿಸ್ಕಿನ ಮೋಡು ಬದಲಾದರೆ ವಿಂಡೋಸು ಏಳದೆ ಹೋಗಬಹುದು. ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಕೈಯಲ್ಲಿದೆಯೇ ನೋಡಿಕೊಳ್ಳಿ. ಹೊರಗೆ ಅಳೆದಾಗ ಸೆಲ್ಲು 2.8 ವೋಲ್ಟಿಗಿಂತ ಕೆಳಗಿದ್ದರೆ ಬದಲಾಯಿಸಿ, ಅನುಮಾನ ಬೇಡ. ಹಾಕುವಾಗ ಕೂಡುಚಿಹ್ನೆ ಮೇಲಕ್ಕಿರಲಿ. ಎಲ್ಲ ಮುಗಿದ ಮೇಲೆ ಪರೀಕ್ಷೆಯನ್ನು ರೀಸ್ಟಾರ್ಟ್ ಮಾಡಿ ಮಾಡಬೇಡಿ, ಪ್ಲಗ್ ಕಿತ್ತು ಮಾಡಿ. ತೆಗೆದ ಹಳೆಯ ಸೆಲ್ಲನ್ನು ಮಾತ್ರ ಮೇಜಿನ ಮೇಲೆ ಬಿಟ್ಟು ಏಳಬೇಡಿ. ಕಂಪ್ಯೂಟರಿಗೆ ಸಾಲದ ಸೆಲ್ಲಿನಲ್ಲೂ ಮಗುವಿನ ಗಂಟಲಲ್ಲಿ ಸಿಕ್ಕಿ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಎರಡೂ ಮುಖಕ್ಕೆ ಟೇಪು ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ. ಮಗು ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.